ಮೂರು ಮಳೆಗಾಲ ತೆರೆದಿದ್ದ ಕುಣಿ

ಶಿರಸಿಯಿಂದ ಬನವಾಸಿಗೆ ಹೋಗುವ ರಸ್ತೆಯ ಮಗ್ಗುಲಿನ ಒಂದು ಊರಿಗೆ ನಾನು ಶಾಲೆಯ ಶಿಕ್ಷಕಿಯಾಗಿ ಹೋದದ್ದು ಚೀನದ ಯುದ್ಧಕ್ಕೆ ಒಂದು ವರ್ಷ ಮೊದಲು. ನಮ್ಮ ಮನೆ ಹುಲೇಕಲ್ ಕಡೆ. ಗದ್ದೆ ಬಯಲಿನ ಆ ಊರೂ ಅಲ್ಲಿಯ ಮಾತೂ ನನಗೆ ಹೊಸತು. ಇರಲು ಕೋಣೆ ಕೊಟ್ಟವಳು ಲಿಂಗವಂತರ ಮನೆಯ ಒಬ್ಬ ವಿಧವೆ. ಊರೆಲ್ಲ ಅವಳನ್ನು ಅವ್ವ ಎನ್ನುತ್ತಿತ್ತು, ನಾನೂ ಹಾಗೆಯೇ ಕರೆದೆ. ಅವಳಿಗೆ ಒಬ್ಬನೇ ಮಗ. ಬೆಳಗಾವಿಗೆ ಹೋಗಿ ಸೈನ್ಯಕ್ಕೆ ಭರ್ತಿಯಾಗಿದ್ದ. ನಾನು ಅವನನ್ನು ಕಂಡದ್ದು ಒಂದೇ ಸಲ, ರಜೆಯಲ್ಲಿ ಬಂದಾಗ. ನನ್ನ ಕೋಣೆಯ ಮೇಲೆ ಒಡೆದಿದ್ದ ಹಂಚುಗಳನ್ನು ಬದಲಿಸಿ, ಕೆಳಗಿಳಿದು, 'ಇನ್ನ ಸೋರೂದಿಲ್ರಿ ಅಕ್ಕೋರ' ಎಂದಿದ್ದ. ಸೋರಲಿಲ್ಲ.

ಮರುವರ್ಷ ಯುದ್ಧ ಶುರುವಾಗಿ, ಭತ್ತದ ಕೊಯ್ಲು ನಡೆದಿದ್ದಾಗ ತಾರು ಬಂತು. ಗಡಿಯಲ್ಲಿ ಹೋರಾಡುತ್ತ ಮಡಿದ ಎಂದಷ್ಟೇ ಅದರಲ್ಲಿತ್ತು. ಹೆಡ್ ಮಾಸ್ತರರು ಓದಿ ಹೇಳಿದರು. ಅವ್ವನ ದಾಯಾದಿಗಳು ಕೊಯ್ಲು ಬಿಟ್ಟು ಬಂದರು, ಗುದ್ದಲಿ ಹಿಡಿದು ನೇರ ಅವಳ ಹೊಲಕ್ಕೆ ಹೋದರು. ಅಲ್ಲಿಯ ರೂಢಿ ಅದು. ಸಾವಿನ ಸುದ್ದಿ ಬಂದರೆ ಕುಣಿ ಮೊದಲು. ಗಂಡನ ಸಮಾಧಿಯ ಪಕ್ಕದಲ್ಲಿ, ರಸ್ತೆಗೆ ಕಾಣುವಂತೆ ತೋಡಿದರು. ಇಳಿಯಲು ಮೆಟ್ಟಿಲು, ಒಂದು ಗೋಡೆಯಲ್ಲಿ ದೇಹವನ್ನು ಕೂರಿಸಲು ಕೊರೆದ ಗೂಡು. ನಮ್ಮಲ್ಲಿ ಸುಡುವುದು, ಕುಳಿತ ಮನುಷ್ಯನ ಅಳತೆಗೆ ಕೊರೆದ ಗೂಡನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಬೆಳಗಿನಿಂದ ಎಲ್ಲರೂ ರಸ್ತೆ ನೋಡಿದರು. ಮಿಲಿಟರಿ ಲಾರಿ ಬರುತ್ತದೆಂದು ಯಾರು ಹೇಳಿದರೋ, ಯಾರೂ ಹೇಳಲಿಲ್ಲವೋ, ಎಲ್ಲರೂ ಹಾಗೆ ತಿಳಿದಿದ್ದರು. ಬಂದದ್ದು ಶಿರಸಿಗೆ ಹೋಗಿ ವಿಚಾರಿಸಿಕೊಂಡು ಬಂದ ಹೆಡ್ ಮಾಸ್ತರರು. ದೇಹ ಬರುವುದಿಲ್ಲ, ಹಿಮದಲ್ಲಿ ಎಲ್ಲಿದೆಯೆಂಬುದೂ ಗೊತ್ತಿಲ್ಲ ಎಂದರು.

ತೋಡಿದ ಕುಣಿಯನ್ನು ಬರಿದೆ ಬಿಡಬಾರದು, ಬಿಟ್ಟರೆ ಅದು ಮತ್ತೊಬ್ಬರನ್ನು ಕೇಳುತ್ತದೆ ಎಂಬುದು ಅಲ್ಲಿಯವರ ನಂಬಿಕೆ. ಮಠದ ಅಯ್ಯನವರು ಬಂದು ಮೆಲ್ಲಗೆ ಹೇಳಿದರು: "ಅವನ ಅಂಗಿನರೆ ಇಟ್ಟು ಮುಚ್ಚೋಣವ್ವ. ವಿಭೂತಿ ನಾ ಕೊಡ್ತೀನಿ."

"ಅಂಗಿ ಸತ್ತಿಲ್ರಿ ಅಯ್ಯನವರ," ಎಂದಳು ಅವ್ವ. "ಮಗ ಸತ್ತಾನ. ಕಳಿಸಿದವರು ತಂದು ಕೊಡ್ಲಿ. ತರಾಕ ಆಗದಿದ್ರ, ಇನ್ನೊಬ್ಬರ ಮಗನ್ನ ಕರೀಬ್ಯಾಡ್ರಿ ಅನ್ರಿ. ಅಲ್ಲೀ ತನಕ ಇದು ಹಿಂಗ ಇರ್ಲಿ. ಹೋಗೋರು ಬರೋರು ನೋಡ್ಲಿ."

ಅವಳು ಅಳುತ್ತ ಹೇಳಿದ ಮಾತಲ್ಲ ಅದು. ಅಯ್ಯನವರು ವಿಭೂತಿಯನ್ನು ಜೋಳಿಗೆಯಲ್ಲೇ ಇಟ್ಟುಕೊಂಡು ಹೊರಟರು.

ಅದು ಸೈನ್ಯಕ್ಕೆ ಜನ ಬೇಕಾಗಿದ್ದ ಕಾಲ. ಶಿರಸಿಯಲ್ಲಿ ಸಭೆಗಳಾಗುತ್ತಿದ್ದವು, ಹೆಂಗಸರು ಯುದ್ಧದ ನಿಧಿಗೆ ಬಳೆ ಬಿಚ್ಚಿ ಕೊಡುತ್ತಿದ್ದರು. ಹುಡುಗರು ಹೆಸರು ಕೊಡಲು ಬಸ್ಸಿನಲ್ಲಿ ಹೋಗುವಾಗ ಅವ್ವ ಹೊಲದ ಅಂಚಿನಲ್ಲಿ ನಿಂತಿರುತ್ತಿದ್ದಳು. ಬಸ್ಸು ನಿಂತರೆ ಒಂದೇ ಮಾತು: "ಇಳದು ಒಮ್ಮೆ ನೋಡಿ ಹೋಗಪಾ." ಕೆಲವರು ಮುಖ ತಿರುಗಿಸಿದರು. ಇಬ್ಬರು ಇಳಿದು ನೋಡಿ, ಮತ್ತೆ ಬಸ್ಸು ಹತ್ತಲಿಲ್ಲ. ಅದರಿಂದ ಮಾತು ಶಿರಸಿಯವರೆಗೂ ಹೋಯಿತು.

ಅಲ್ಲಿ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ನಾನು ಕೇಳಿದ್ದು ಇದು.

"ಚೀನದವರ ಕಡೆ ಆಗ್ಯಾಳ ಮುದುಕಿ. ಒಳಗ ಹಾಕಬೇಕು."

"ಹಾಕು. ಮಗನ್ನ ಕೊಟ್ಟಾಕಿನ್ನ ಒಳಗ ಹಾಕು, ಬಳಿ ಕೊಟ್ಟಾಕಿಗೆ ಹಾರ ಹಾಕು."

"ಹಂಗಲ್ಲೋ ಮಾರಾಯಾ. ಎಲ್ಲಾ ತಾಯಂದಿರೂ ಹಿಂಗ ಅಂದ್ರ ಗಡಿ ಕಾಯೋರು ಯಾರು?"

"ನಿನ್ನ ಮಗ ಯಾವ ಪಲ್ಟನ್ನಿನಾಗ ಅದಾನ?"

"ನನ್ನವ ಅಡಕಿ ಅಂಗಡ್ಯಾಗ ಅದಾನ."

"ಹಂಗಾರ ಚಾ ಕುಡಿ, ಆರ್ತೈತಿ."

ಎಲ್ಲರೂ ನಕ್ಕರು. ಆದರೆ ಗಡಿ ಕಾಯುವವರು ಯಾರು ಎಂದವನು ನಗಲಿಲ್ಲ. ಅವನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ರಜೆಗೆ ಮನೆಗೆ ಹೋದಾಗ ಅಪ್ಪಯ್ಯನೂ ಯುದ್ಧದ ಹೊತ್ತಿನಲ್ಲಿ ಅವ್ವ ಹಾಗೆ ಹೇಳಬಾರದೆಂದರು. "ಅವಳ ಸಂಕಟ ಖರೆ ತಂಗೀ. ಆದ್ರೆ ಶತ್ರು ಬಾಗ್ಲಲ್ಲಿ ಇಪ್ಪಕಾದ್ರೆ ಹಾಂಗೆ ಹೇಳಲಾಗ."

ಅಡಿಗೆಮನೆಯಿಂದ ಅಮ್ಮ ತಾನೂ ಹೆತ್ತವಳೆಂದು ಉತ್ತರ ಕೊಟ್ಟಳು: "ಹಾಂಗಾರೆ ಯಾವಾಗ ಹೇಳವು? ಹೇಳಿ ನೋಡನ. ಹೆತ್ತವಳು ಆನು, ಆನು ಹೇಳ್ತೆ. ಅವಳಿಗೆ ಬ್ಯಾರೆ ಹೊತ್ತು ಇಲ್ಲೆ."

ಅಪ್ಪಯ್ಯ ಕವಳದ ತಟ್ಟೆ ಎಳೆದುಕೊಂಡು ವೀಳ್ಯದೆಲೆಗೆ ಸುಣ್ಣ ಹಚ್ಚಿದರು.

ಆದರೆ ಅವ್ವನಿಗೆ ಎದುರಾದವರಲ್ಲಿ ನನ್ನನ್ನು ಕದಡಿದ್ದು ಹೋಟೆಲಿನವರಲ್ಲ, ಪಕ್ಕದ ಮನೆಯ ಹೆಂಗಸು. ಅವಳ ಮಗನೂ ಅವ್ವನ ಮಗನ ಜೊತೆಯಲ್ಲೇ ಭರ್ತಿಯಾಗಿದ್ದ. ಅವನು ಬದುಕಿದ್ದ. ಬಾಯಿ ತೆರೆದ ಕುಣಿ ಮುಂದೆ ಕೇಳುವುದು ತನ್ನ ಮಗನನ್ನೇ ಎಂದು ಅವಳಿಗೆ ಖಚಿತವಾಗಿತ್ತು. ಸಂಜೆ ದನ ಹೊಡೆದುಕೊಂಡು ಬರುವಾಗ ಒಂದು ಮುಳ್ಳಿನ ಕೊಂಬೆಯನ್ನು ಕುಣಿಯ ಬಾಯಿಗೆ ಅಡ್ಡ ಹಾಕಿ ಹೋಗುತ್ತಿದ್ದಳು. ಬೆಳಿಗ್ಗೆ ಅವ್ವ ಅದನ್ನು ತೆಗೆದು ಬೇಲಿಗೆ ಎಸೆಯುತ್ತಿದ್ದಳು. ಇಬ್ಬರೂ ಮಾತು ಬಿಟ್ಟಿದ್ದರು. ಮುಳ್ಳು ಮಾತ್ರ ಬರುತ್ತಿತ್ತು, ಹೋಗುತ್ತಿತ್ತು.

ಜನವರಿಯಲ್ಲಿ, ಮಡಿದವನ ನೆನಪಿಗೆ ಶಾಲೆಯ ಅಂಗಳದಲ್ಲಿ ಕಲ್ಲು ನಿಲ್ಲಿಸುವುದೆಂದಾಯಿತು. ಶಿರಸಿಯಿಂದ ಉಪವಿಭಾಗದ ಅಧಿಕಾರಿ, ಪ್ರಾಂತ ಸಾಹೇಬರು, ಬರುವವರಿದ್ದರು. ಹಿಂದಿನ ದಿನ ಪಂಚಾಯಿತಿ ಚೇರ್ಮನ್ನರು ಆಳುಗಳನ್ನು ಕರೆದುಕೊಂಡು ಹೊಲಕ್ಕೆ ಹೊರಟರೆಂದು ಗೊತ್ತಾಗಿ ನಾನೂ ಹಿಂದೆ ಹೋದೆ. ನಾವು ಮುಟ್ಟುವಷ್ಟರಲ್ಲಿ ಅವ್ವ ಕುಣಿಯೊಳಗೆ ಇಳಿದಿದ್ದಳು. ಗೂಡಿನಲ್ಲಿ ಪದ್ಮಾಸನ ಹಾಕಿ, ತಲೆಯ ಮೇಲೆ ಸೆರಗು ಹೊದ್ದು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅವರಲ್ಲಿ ಸತ್ತವರನ್ನು ಕೂರಿಸುವ ಹಾಗೆಯೇ ಕುಳಿತಿದ್ದಳು.

"ಎದ್ದು ಬಾ ಯವ್ವಾ. ನಾಳೆ ಸಾಹೇಬರ ಕಣ್ಣಿಗೆ ಬೀಳಬಾರದು ಇದು," ಎಂದರು ಚೇರ್ಮನ್ನರು.

"ಕಣ್ಣಿಗೆ ಬೀಳ್ಲಿ ಅಂತನ ಇಟ್ಟೀನಿ."

"ತೋಡಿದ ಕುಣಿ ಬರಿದು ಇಡಬಾರದು, ನಿನಗೂ ಗೊತ್ತೈತಿ."

"ಈಗ ಬರಿದಿಲ್ಲಲ್ಲ. ಹಾಕ್ರಿ ಮಣ್ಣು."

ಒಬ್ಬ ಆಳು ಸಲಿಕೆಯನ್ನು ನೆಲಕ್ಕೆ ಇಟ್ಟ. ಎಸೆಯಲಿಲ್ಲ, ಸದ್ದಾಗದಂತೆ ಇಟ್ಟ. ಉಳಿದವರೂ ಇಟ್ಟರು. ಚೇರ್ಮನ್ನರು 'ಹುಚ್ಚು ಇದು, ಹುಚ್ಚು' ಎನ್ನುತ್ತ ಹೊರಟುಹೋದರು. ಅವರ ದನಿಯಲ್ಲಿ ಸಿಟ್ಟಿತ್ತೆಂದು ಆಮೇಲೆ ಊರು ಹೇಳಿತು. ನನಗೆ ಹಾಗೆ ಕೇಳಿಸಲಿಲ್ಲ.

ಮರುದಿನ ಕಲ್ಲು ನಿಂತಿತು, ಭಾಷಣವಾಯಿತು. ಅವ್ವ ಬರಲಿಲ್ಲ. ಹಿಂತಿರುಗುವಾಗ ಸಾಹೇಬರ ಜೀಪು ಹೊಲದ ಪಕ್ಕದಲ್ಲಿ ನಿಂತಿತು. ನಾನು ಮಕ್ಕಳ ಸಾಲಿನೊಂದಿಗೆ ದೂರದಲ್ಲಿದ್ದೆ. ಅವರು ಇಳಿದು ಟೊಪ್ಪಿಗೆ ತೆಗೆದದ್ದು ಕಂಡಿತು, ಮಾತು ಕೇಳಲಿಲ್ಲ. ಸಂಜೆಯೊಳಗೆ ಊರಿನಲ್ಲಿ ಹಲವು ಕಥೆಗಳಾದವು: ಅವ್ವ ಶಾಪ ಹಾಕಿದಳು, ಸಾಹೇಬರು ಅತ್ತರು, ಪಿಂಚಣಿ ನಿಲ್ಲಿಸುತ್ತೇನೆಂದರು. ಅವ್ವನನ್ನೇ ಕೇಳಿದೆ. "ಹೆಸರು ಕೇಳಿದ್ರು, ಹೇಳಿದೆ," ಎಂದಳು. ಅವಳ ಹೆಸರೋ ಮಗನ ಹೆಸರೋ ನಾನು ಕೇಳಲಿಲ್ಲ.

ಕುಣಿ ಹಾಗೆಯೇ ಉಳಿಯಿತು. ಮಳೆಗಾಲದಲ್ಲಿ ನೀರು ತುಂಬುತ್ತಿತ್ತು, ಅಂಚು ಕುಸಿಯುತ್ತಿತ್ತು. ನೀರಿಳಿದ ಮೇಲೆ ಅವ್ವ ಕೆಳಗಿಳಿದು ಕೆಸರೆತ್ತಿ, ಗೂಡಿನ ಗೋಡೆಗೆ ಕೈಯಿಂದ ಮಣ್ಣು ಮೆತ್ತುತ್ತಿದ್ದಳು. ಮಾತಾಡಿಕೊಳ್ಳುವವರು ದಣಿದರು. ಬಸ್ಸಿನವರು ಕೂಡ ನೋಡುವುದನ್ನು ಬಿಟ್ಟರು. ಪಕ್ಕದ ಮನೆಯವಳ ಮುಳ್ಳು ಮಾತ್ರ ತಪ್ಪಲಿಲ್ಲ.

ಮೂರನೆಯ ಮಳೆಗಾಲದ ಕೊನೆಗೆ ಮತ್ತೆ ಯುದ್ಧ, ಈ ಸಲ ಪಾಕಿಸ್ತಾನದೊಡನೆ. ಪಂಚಾಯಿತಿಯ ರೇಡಿಯೋ ಸುದ್ದಿ ಹೇಳಿದ ಮರುದಿನ ಬೆಳಿಗ್ಗೆ ಪಕ್ಕದ ಮನೆಯವಳು ನಮ್ಮ ಜಗಲಿಯ ಕೆಳಗೆ ಬಂದು ನಿಂತಳು. ಕೈಯಲ್ಲಿ ಮುಳ್ಳಿರಲಿಲ್ಲ.

"ಅಕ್ಕಾ, ಮುಚ್ಚಬೇ. ನಿನ್ನ ಕಾಲಿಗೆ ಬೀಳ್ತೀನಿ."

"ಮಕ್ಕಳ್ನ ತಿನ್ನೂದು ಆ ಕುಣಿ ಅಲ್ಲಬೇ," ಎಂದಳು ಅವ್ವ. "ನಿನಗ ಗೊತ್ತಿಲ್ಲೇನು?"

"ಗೊತ್ತೈತಿ. ಗೊತ್ತಿದ್ರೂ ಕೂಳು ಗಂಟಲದಾಗ ಇಳಿಯವಲ್ದು."

ಅವ್ವ ಜಗಲಿಯಿಂದ ಎದ್ದಳು. ಕಚೇರಿಗೆ ಮಣಿಯದವಳು, ಮಠಕ್ಕೆ ಮಣಿಯದವಳು. ಮಗನ ಹೆಸರಿನಲ್ಲಿ ಅವಳ ಕೈಯಲ್ಲಿ ಉಳಿದಿದ್ದದ್ದು ಆ ಕುಣಿಯೊಂದೇ. ಒಳಗೆ ಹೋಗಿ ಬಾಗಿಲ ಹಿಂದಿನ ಸಲಿಕೆ ತಂದಳು. "ಅಕ್ಕೋರ, ಒಂದು ಬುಟ್ಟಿ ತಗೊಂಡು ಬರ್ರಿ," ಎಂದಳು.

ಮೂವರೂ ಮಣ್ಣು ಹಾಕಿದೆವು. ತೋಡಿ ಹಾಕಿದ್ದ ಗುಡ್ಡೆ ಮಳೆಗೆ ಕೊಚ್ಚಿಹೋಗಿ ಅರ್ಧವೂ ಉಳಿದಿರಲಿಲ್ಲ. ಕುಣಿ ಎದೆಮಟ್ಟ ತುಂಬುವಷ್ಟರಲ್ಲಿ ಮಣ್ಣು ಮುಗಿಯಿತು. ಪಕ್ಕದ ಮನೆಯವಳು ಓಡಿಹೋಗಿ ತನ್ನ ಹಿತ್ತಲಿನ ಮಣ್ಣು ಹೊತ್ತು ತಂದಳು. ನೋಡಿದವರು ಒಬ್ಬೊಬ್ಬರಾಗಿ ಬುಟ್ಟಿ ಹಿಡಿದು ಬಂದರು. ಚೇರ್ಮನ್ನರೂ ಬಂದು, "ಕಡೀಕೂ ತಿಳ್ಕೊಂಡಿ ಯವ್ವಾ," ಎಂದರು.

"ನಿಮಗ ಅಂತ ಮುಚ್ಚಿಲ್ರಿ," ಎಂದಳು ಅವ್ವ, ತಲೆಯೆತ್ತದೆ. "ನಾ ಅಂದ ಮಾತು ಅಲ್ಲೇ ಐತಿ. ಬುಟ್ಟಿ ಕೊಡ್ರಿ ಈ ಕಡೆ."

ಅವರು ಕೊಟ್ಟರು.

ಪಕ್ಕದ ಮನೆಯ ಮಗ ಮುಂದಿನ ಬೇಸಿಗೆಯಲ್ಲಿ ರಜೆಗೆ ಬಂದ. ಕುಣಿ ಮುಚ್ಚಿದ್ದರಿಂದಲೇ ಉಳಿದ ಎಂದು ಅವನ ತಾಯಿ ಎಲ್ಲರಿಗೂ ಹೇಳಿದಳು. ಅವ್ವ ಅಲ್ಲವೆನ್ನಲಿಲ್ಲ. ಅವನು ಜಗಲಿಗೆ ಬಂದು ಅವಳ ಕಾಲು ಮುಟ್ಟಿದಾಗ, ಬೆಲ್ಲ ನೀರು ಕೊಟ್ಟು ಎದುರಿಗೆ ಕುಳಿತಳು.

"ಗಡಿ ಆ ಕಡೆಯವರು ಸತ್ತವರನ್ನ ಏನು ಮಾಡ್ತಾರೋ? ಸುಡ್ತಾರೇನು?"

"ಇಲ್ಲ ದೊಡ್ಡವ್ವ. ನಮ್ಹಂಗ ಹುಗೀತಾರ."

"ಹಂಗಾರ ಅವರ ಅವ್ವಗೋಳೂ ಕುಣಿ ತೋಡಿ ದಾರಿ ಕಾದಿರ್ತಾರ."

ಅವನು ಚೊಂಬನ್ನು ಕೆಳಗಿಟ್ಟ. ಅವ್ವ ಎಮ್ಮೆಗೆ ಹುಲ್ಲು ಹಾಕಲು ಎದ್ದಳು.

ಆ ವರ್ಷದ ಮಳೆಗೆ ಹೊಲದ ಆ ಜಾಗ ಒಂದು ಗೇಣು ಕುಸಿಯಿತು. ನಾನು ನೋಡುವ ಹೊತ್ತಿಗೆ ಪಕ್ಕದ ಮನೆಯವಳು ಅಲ್ಲಿ ಮಣ್ಣಿನ ಬುಟ್ಟಿ ಬೋರಲು ಹಾಕುತ್ತಿದ್ದಳು. ಅವ್ವ ಮಣ್ಣನ್ನು ಕಾಲಿನಿಂದ ತುಳಿದು ಸಮ ಮಾಡುತ್ತಿದ್ದಳು.