ಟೀಚರ್ ಮನೆ ಮಾರಿದ ವರ್ಷ

ಅರವತ್ತರ ದಶಕದ ಕೊನೆಯಲ್ಲಿ ನಾನು ತಿರುವನಂತಪುರದ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಆಸ್ಪತ್ರೆಯೊಂದರ ಹಿಂದಿನ ಓಣಿಯಲ್ಲಿ ಒಂದು ಹೆಂಚಿನ ಮನೆ. ಅದರ ಮಾಳಿಗೆಯ ಕೋಣೆ ನನ್ನದು. ಮನೆಯೊಡತಿ ನಿವೃತ್ತ ಮುಖ್ಯೋಪಾಧ್ಯಾಯಿನಿ, ಗಂಡ ತೀರಿಹೋಗಿದ್ದರು. ಓಣಿಗೆಲ್ಲ ಅವರು ಟೀಚರ್. ಚಿಕಿತ್ಸೆಗೆಂದು ದೂರದಿಂದ ಬರುವವರಿಗೆ ಕೆಳಗಿನ ಮೂರು ಕೋಣೆಗಳನ್ನು ಹದಿನೈದು ದಿನ, ತಿಂಗಳು, ಹೀಗೆ ಬಿಟ್ಟುಕೊಡುತ್ತಿದ್ದರು. ಬರುವವರು ಮೊದಲೇ ಕಾರ್ಡು ಬರೆದು ದಿನ ಗೊತ್ತುಮಾಡಿಕೊಳ್ಳಬೇಕು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಟೀಚರ್ ಒಮ್ಮೆ ಹೆಸರು ಬರೆದರೆ ಆಯಿತು, ಕೋಣೆ ಅವರದೇ. ಕಾಸರಗೋಡಿನ ಕಡೆಯಿಂದ ಕನ್ನಡದಲ್ಲಿ ಬರುವ ಕಾರ್ಡುಗಳಿಗೆ ಉತ್ತರ ಬರೆಯುವ ಕೆಲಸ ನನ್ನದು. ನನ್ನೂರೂ ಅದೇ ಕಡೆ. ನನ್ನ ಅಕ್ಷರ, ನನ್ನ ಒಕ್ಕಣೆ ಎರಡರ ಬಗ್ಗೆಯೂ ನನಗೆ ಆಗ ಬೇಕಾದಷ್ಟು ಜಂಬವಿತ್ತು.

ಒಂದು ವರ್ಷ ಟೀಚರ್ ಮನೆ ಮಾರಿದರು. ಮಗಳು ತ್ರಿಪ್ಪುಣಿತ್ತುರದಲ್ಲಿದ್ದಳು, ಅಲ್ಲಿಗೆ ಹೋಗುವುದೆಂದು ತೀರ್ಮಾನ. ಕೊಂಡವನಿಗೆ ಬೇಕಾದದ್ದು ಜಾಗ, ಮನೆಯಲ್ಲ. ತಿಂಗಳ ಕೊನೆಗೆ ಬಿಟ್ಟುಕೊಟ್ಟರೆ ಮಾರನೆಯ ದಿನವೇ ಹೆಂಚು ಇಳಿಸುತ್ತೇನೆ ಎಂದ. ಮಾತು ಕೊಟ್ಟವರನ್ನಾದರೂ ಇರಲು ಬಿಡು ಎಂದು ಟೀಚರ್ ಕ್ಯಾಲೆಂಡರನ್ನೇ ಅವನ ಮುಂದೆ ಹಿಡಿದರು. ಅವನು ಅದರತ್ತ ತಿರುಗಿಯೂ ನೋಡಲಿಲ್ಲ. ಆ ದಿನದಾಚೆ ಎಂಟು ಹೆಸರುಗಳಿದ್ದವು, ಐದು ಮಲಯಾಳದವರದು, ಮೂರು ನಮ್ಮವರದು.

ಟೀಚರ್ ತಮ್ಮ ಐದು ಕಾರ್ಡುಗಳನ್ನು ಹತ್ತು ನಿಮಿಷದಲ್ಲಿ ಮುಗಿಸಿದರು. "ಮನೆ ಮಾರಿದ್ದೇನೆ. ಇಲ್ಲಿಗೆ ಬರಬೇಡಿ. ಬೇರೆ ಕಡೆ ನೋಡಿಕೊಳ್ಳಿ. ಕ್ಷಮಿಸಬೇಕು." ಇಷ್ಟೇ. ಓದಿ ನನಗೆ ನಗು ಬಂತು. ನಿವೃತ್ತರಾದರೂ ಟೀಚರ್ ಬೆತ್ತ ಕೆಳಗಿಟ್ಟಿಲ್ಲ ಎಂದುಕೊಂಡೆ. ನಮ್ಮಲ್ಲಿ ಹೀಗೆ ಬರೆಯುವುದುಂಟೇ? ಹೊರಡುವವರು "ಹೋಗ್ತೇನೆ" ಎಂದರೇ ಸಾಕು, ನನ್ನಮ್ಮ ಬಾಯಿ ಮುಚ್ಚಿಸಿ "ಬರ್ತೇನೆ" ಅನ್ನಿಸುತ್ತಿದ್ದಳು. ಅಂಥದ್ದರಲ್ಲಿ ಕಾಯಿಲೆ ಬಿದ್ದ ಮನೆಗೆ ಬರಬೇಡಿ ಎಂದು ಬರೆಯುವುದೇ? ನನ್ನ ಕೈ ಬರಲಿಲ್ಲ. ಕ್ಷೇಮ ಸಮಾಚಾರದಿಂದ ಆರಂಭಿಸಿ, ರೋಗಿಯ ಆರೋಗ್ಯ ವಿಚಾರಿಸಿ, ಕೊನೆಯ ನಾಲ್ಕು ಸಾಲಿನಲ್ಲಿ ಬರೆದೆ: "ಇಲ್ಲಿ ಮನೆಯ ವಿಷಯದಲ್ಲಿ ಕೆಲವು ಬದಲಾವಣೆಗಳಾಗುವ ಸಂಭವವಿದೆ. ತಾವು ಹೊರಡುವ ಮುಂಚೆ ಆಲೋಚಿಸಿಕೊಳ್ಳುವುದು ಉತ್ತಮ. ದೇವರ ದಯೆಯಿಂದ ಎಲ್ಲವೂ ಸುಸೂತ್ರವಾಗುವುದು."

"ಸರಿಯಾಗಿ ತಿಳಿಸಿದ್ದೀಯಲ್ಲ, ಮೋನೇ?" ಎಂದು ಟೀಚರ್ ಕೇಳಿದರು. ಅವರಿಗೆ ನಾನು ಮಗನಿದ್ದ ಹಾಗೆ, ಹಾಗೇ ಕರೆಯುತ್ತಿದ್ದರು. ನಮ್ಮವರಿಗೆ ಇಷ್ಟು ಹೇಳಿದರೆ ಸಾಕು ಎಂದೆ.

ಇಬ್ಬರಿಗೆ ಸಾಕಾಯಿತು. ಮೂರನೆಯವರು ಹಳ್ಳಿಶಾಲೆಯ ಮಾಸ್ತರರು. ಅವರ ಹೆಂಡತಿಯ ಗಂಟಲಿನಲ್ಲಿ ಗಡ್ಡೆ. ಆರು ವಾರ ದಿನಾ ಕರೆಂಟು, ಎಂದರೆ ವಿಕಿರಣ ಚಿಕಿತ್ಸೆ, ಕೊಡಿಸಬೇಕು, ವಾರ್ಡಿನಲ್ಲಿ ಮಂಚವಿಲ್ಲ, ಹತ್ತಿರದಲ್ಲಿ ಇರಲು ಜಾಗವಿದ್ದರೆ ಮಾತ್ರ ಶುರುಮಾಡೋಣ ಎಂದು ಡಾಕ್ಟರು ಹೇಳಿದ್ದರು. ಆ ಜಾಗ ಟೀಚರ್ ಮನೆ.

ಟೀಚರ್ ಹೋಗಿ, ನಾನು ಲಾಡ್ಜೊಂದಕ್ಕೆ ಸೇರಿ ಐದಾರು ದಿನವಾಗಿತ್ತು. ಓಣಿಯ ಚಹಾದಂಗಡಿಯವನು ಕಚೇರಿಗೆ ಹೇಳಿಕಳಿಸಿದ, ನಿಮ್ಮ ಭಾಷೆಯವರು ಬಂದು ಕೂತಿದ್ದಾರೆ ಎಂದು. ಓಡಿದೆ. ಮಾಡಿನ ಹೆಂಚೆಲ್ಲ ಅಂಗಳದಲ್ಲಿ ಅಟ್ಟಿ ಬಿದ್ದಿತ್ತು. ಆಕೆ ಮೆಟ್ಟಿಲ ಮೇಲೆ ಹಾಸಿಗೆಯ ಸುರುಳಿಗೆ ಒರಗಿ ಕೂತಿದ್ದರು, ಕುತ್ತಿಗೆಗೆ ಸೆರಗು ಸುತ್ತಿಕೊಂಡು. ಮಾಸ್ತರರ ಕೈಯಲ್ಲಿ ನನ್ನ ಕಾರ್ಡಿತ್ತು.

"ಓದಿದ್ದೆವು ಮಾರಾಯ್ರೆ. ಬದಲಾವಣೆ ಅಂದ್ರೆ ಈ ಕೋಣೆ ಅಲ್ಲದಿದ್ರೆ ಆ ಕೋಣೆ ಅಂತ ಎಣಿಸಿದ್ದು. ಎಲ್ಲ ಸುಸೂತ್ರ ಆಗ್ತದೆ ಅಂತ ನೀವೇ ಬರ್ದಿದ್ದೀರಲ್ಲ" ಎಂದರು. ಕಾರ್ಡನ್ನು ಜೇಬಿಗೆ ಹಾಕಿಕೊಂಡು, "ಇಲ್ಲೇ ಪೇಟೆಯಲ್ಲಿ ನಮ್ಮ ಪರಿಚಯದವರದ್ದೊಂದು ಮನೆ ಇತ್ತು. ಎರಡು ತಿಂಗಳು ಖಾಲಿ, ಬೀಗದ ಕೈ ತಗೊಳ್ಳಿ ಅಂದಿದ್ರು. ನಮ್ಗೆ ಟೀಚರ ಮನೆ ಉಂಟು ಅಂತ ಬೇಡ ಹೇಳಿದೆ. ಈಗ ಬೇರೆಯವರಿಗೆ ಕೊಟ್ಟಾಯ್ತು" ಎಂದರು. ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ವಾದಿಸಿ ಪಾರಾಗುತ್ತಿದ್ದೆನೋ ಏನೋ.

ಮೂರು ದಿನ ಅಲೆದೆ. ನನ್ನ ಲಾಡ್ಜಿನಲ್ಲಿ ಹೆಂಗಸರಿಗೆ ಪ್ರವೇಶವಿಲ್ಲ. ಆಸ್ಪತ್ರೆಯ ಸುತ್ತಲಿನ ಮನೆಗಳಲ್ಲಿ ಆಕೆಯ ಕುತ್ತಿಗೆ ಕಂಡೊಡನೆ ಕೋಣೆ ಭರ್ತಿಯಾಗಿಬಿಡುತ್ತಿತ್ತು. ಭಾನುವಾರ ಭಾನುವಾರ ನನ್ನನ್ನು ಊಟಕ್ಕೆ ಕರೆಯುತ್ತಿದ್ದ ನಮ್ಮ ಕಡೆಯ ಬ್ಯಾಂಕ್ ಅಧಿಕಾರಿ ಗೇಟಿನ ಒಳಗೇ ನಿಂತು, "ನಮ್ಮಲ್ಲಿ ಸಣ್ಣ ಮಕ್ಕಳಿದ್ದಾರಲ್ಲ" ಎಂದರು. ಆ ಮೂರು ರಾತ್ರಿಯೂ ಗಂಡ ಹೆಂಡತಿ ರೈಲು ನಿಲ್ದಾಣದಲ್ಲಿ ಮಲಗಿದರು. ನಾಲ್ಕನೆಯ ದಿನ ಆಕೆಗೆ ಗಂಜಿಯೂ ಇಳಿಯದಾದಾಗ ಮಾಸ್ತರರು ಊರಿಗೆ ಟಿಕೇಟು ತೆಗೆದರು. ಇನ್ನೊಂದು ದಿನ ನೋಡೋಣ ಎಂದು ನಾನು ಹೇಳಲಿಲ್ಲ. ಅವರು ಹೊರಟರಲ್ಲ ಎಂದು ನನಗೆ ಒಳಗೊಳಗೇ ಹಗುರವಾಗಿತ್ತು. ಇಷ್ಟು ವರ್ಷವಾದರೂ ನಾಚಿಕೆಯಾಗುವುದು ಅದಕ್ಕೆ. ನಾಲ್ಕು ತಿಂಗಳ ಮೇಲೆ ಆಕೆ ತೀರಿಕೊಂಡ ಸುದ್ದಿಯ ಕಾರ್ಡು ಕಚೇರಿಗೆ ಬಂತು.

ಎಪ್ಪತ್ತರ ದಶಕದಲ್ಲಿ ನನಗೆ ಎರ್ನಾಕುಳಕ್ಕೆ ವರ್ಗವಾಯಿತು. ಒಂದು ಮಧ್ಯಾಹ್ನ ಟೀಚರನ್ನು ಹುಡುಕಿಕೊಂಡು ತ್ರಿಪ್ಪುಣಿತ್ತುರಕ್ಕೆ ಹೋದೆ. ನಿನ್ನ ತಪ್ಪೇನಿಲ್ಲ ಎಂದು ಅವರ ಬಾಯಿಂದ ಕೇಳುವ ಆಸೆ ಇತ್ತು, ಸುಳ್ಳೇಕೆ ಹೇಳಲಿ. ಎಲ್ಲ ಹೇಳಿದೆ, ಕಾರ್ಡಿನ ಒಕ್ಕಣೆಯನ್ನೂ ಮಲಯಾಳದಲ್ಲಿ ಹೇಳಿದೆ. ಆಕೆಗೆ ವಯಸ್ಸೆಷ್ಟು ಎಂದು ಟೀಚರ್ ಕೇಳಿದರು. ಮೂವತ್ತೊಂದು ಎಂದೆ.

"ತಪ್ಪು ನನ್ನದೇ ಮೋನೇ" ಎಂದರು, "ಆ ಮೂರನ್ನೂ ನಾನೇ ಬರೆಯಬೇಕಿತ್ತು, ಮಲಯಾಳದಲ್ಲೇ. ನಿಮ್ಮೂರಲ್ಲಿ ಓದಿ ಹೇಳುವವರು ಯಾರೂ ಸಿಗುತ್ತಿರಲಿಲ್ಲವೇ?"

ಸಿಗುತ್ತಿದ್ದರು ಟೀಚರ್, ಪಕ್ಕದ ಮನೆಯಲ್ಲೇ ಸಿಗುತ್ತಿದ್ದರು, ಎಂದೆ.