ಭಾಲ್ಕಿಯ ಬ್ಯಾಟರಿ ಮತ್ತು ನನ್ನ ಸರದಿ

ವಾದ ಮಾಡುವುದನ್ನು ನಾನೂ ನನ್ನ ಗೆಳೆಯನೂ ಬೀದರಿನ ಕಾಲೇಜಿನಲ್ಲಿ ಒಟ್ಟಿಗೇ ಕಲಿತೆವು. ಚರ್ಚಾ ಸ್ಪರ್ಧೆಗೆ ಹೋಗುವ ಮುನ್ನ ನಮ್ಮದೊಂದು ಪದ್ಧತಿ ಇತ್ತು. ನನ್ನ ವಾದದಲ್ಲಿ ಎಲ್ಲಿ ಪೊಳ್ಳಿದೆ ಎಂದು ನಾನೇ ಅವನಿಗೆ ತೋರಿಸಬೇಕು, ಅವನು ಅಲ್ಲೇ ಹೊಡೆಯಬೇಕು, ನಾನು ಉತ್ತರ ಕಂಡುಕೊಳ್ಳಬೇಕು. ಆಮೇಲೆ ಪಕ್ಷ ಬದಲು. ಅವನು ಕಮಲನಗರದವನು, ನಾನು ಭಾತಂಬ್ರಾ. ಸಿಟ್ಟು ಬಂದರೆ ಅವನು ಮರಾಠಿಗೆ ಇಳಿಯುತ್ತಿದ್ದ. ಇಳಿದನೆಂದರೆ ಆ ಸುತ್ತು ನನ್ನದು.

ಕೆಲಸವೂ ಒಂದೇ ಕಡೆ ಸಿಕ್ಕಿತು. ರಕ್ತಪರೀಕ್ಷೆಯ ಲ್ಯಾಬುಗಳನ್ನು ನಡೆಸುವ ಒಂದು ಖಾಸಗಿ ಸಂಸ್ಥೆ. ಬೀದರ, ಭಾಲ್ಕಿ, ಔರಾದಗಳಲ್ಲಿ ಶಾಖೆ. ಎಲ್ಲರ ರಿಪೋರ್ಟೂ ಹೊರಡುವುದು ಭಾಲ್ಕಿಯ ಹಳೆಯ ಸರ್ವರ್ ಕೋಣೆಯಿಂದ. ಅದನ್ನು ಬೀದರಿನ ಹೊಸ ಕಟ್ಟಡಕ್ಕೆ ಸಾಗಿಸಬೇಕಿತ್ತು. ನಮ್ಮಿಬ್ಬರಲ್ಲಿ ಯಾರ ಯೋಜನೆ ಒಪ್ಪಿಗೆಯಾಗುತ್ತದೋ ಹೊಸ ಕೋಣೆಯ ಹೊಣೆ ಅವರಿಗೆ, ಇನ್ನೊಬ್ಬರು ಔರಾದಿಗೆ ಹೋಗಿ ಪ್ರಿಂಟರು, ಕೇಬಲ್ಲು ನೋಡಿಕೊಳ್ಳಬೇಕು ಎಂದು ಸಾಹೇಬರು ಮೊದಲೇ ಹೇಳಿದ್ದರು. ನನಗೆ ಆ ಕೋಣೆ ಬೇಕಿತ್ತು. ಅದನ್ನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ.

ಸಾಗಿಸುವುದೆಂದರೆ ಪೆಟ್ಟಿಗೆ ಹೊತ್ತೊಯ್ಯುವುದಲ್ಲ. ಒಂದೇ ಕಬ್ಬಿಣದ ಯಂತ್ರದೊಳಗೆ ಹಲವು ವರ್ಚುವಲ್ ಯಂತ್ರಗಳು ಬದುಕಿರುತ್ತವೆ. ಬಿಚ್ಚಿ ನೋಡಿದರೆ ಅವೆಲ್ಲ ದೊಡ್ಡ ದೊಡ್ಡ ಫೈಲುಗಳು. ಮೂಲ ದುಡಿಯುತ್ತಿರುವಾಗಲೇ ಅದರ ನಕಲು ಬೀದರಿನಲ್ಲಿ ತಯಾರಾಗಬೇಕು. ಎರಡೂ ಸಮ ಆದಮೇಲೆ, ಲ್ಯಾಬು ಮುಚ್ಚಿರುವ ಒಂದು ಭಾನುವಾರ, ಮೂಲವನ್ನು ನಿಲ್ಲಿಸಿ ನಕಲನ್ನು ಎಬ್ಬಿಸಬೇಕು. ಆದರೆ ಎರಡೂ ಊರಿನ ನಡುವಿನ ನಮ್ಮ ಇಂಟರ್ನೆಟ್ ಲೈನು ಸಣ್ಣದು. ಹಗಲೆಲ್ಲ ಅದರಲ್ಲೇ ರಿಪೋರ್ಟುಗಳೂ ಓಡಬೇಕು. ನಕಲು ಒಂದಿಷ್ಟು ಮುಂದೆ ಹೋಗುವಷ್ಟರಲ್ಲಿ ಮೂಲ ಮತ್ತಷ್ಟು ಬದಲಾಗಿರುತ್ತಿತ್ತು.

ನನ್ನ ಯೋಜನೆ ಸರಳ. ಮೊದಲ ದೊಡ್ಡ ನಕಲನ್ನು ಡಿಸ್ಕಿಗೆ ತುಂಬಿ, ಊರೂರಿನಿಂದ ರಕ್ತದ ಸ್ಯಾಂಪಲ್ಲು ಒಯ್ಯುವ ನಮ್ಮದೇ ವ್ಯಾನಿನಲ್ಲಿ, ಥರ್ಮಾಕೋಲ್ ಡಬ್ಬಿಯೊಳಗಿಟ್ಟು ಕಳಿಸುವುದು. ಆಮೇಲೆ ಲೈನಿನ ಮೇಲೆ ಬದಲಾದ ತುಣುಕುಗಳು ಮಾತ್ರ ಹೋದರೆ ಸಾಕು. ಅವನ ಯೋಜನೆ, ಎಲ್ಲವನ್ನೂ ಲೈನಿನ ಮೇಲೇ ಒಂದೊಂದೇ ಯಂತ್ರವಾಗಿ ನಿಧಾನಕ್ಕೆ ಕಳಿಸುವುದು; ನಡುವೆ ಕೆಟ್ಟರೂ ಆ ಒಂದು ಯಂತ್ರದ ಕೆಲಸ ಮಾತ್ರ ಹಾಳು.

ಸಭೆಯ ಹಿಂದಿನ ದಿನ ಭಾಲ್ಕಿ ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಹಳೆಯ ಪದ್ಧತಿಯಂತೆ ಕೂತೆವು.

“ಹೇಳ್ ಲೇ, ಎಲ್ಲಿ ಹೊಡೀಲಿ?” ಅಂದ.

“ಬ್ಯಾಟರಿ,” ಅಂದೆ. “ಇಲ್ಲಿ ಕರೆಂಟ್ ಹೋತಂದ್ರ ಆ ಹಳೇ ಬ್ಯಾಟರಿ ತಡಿಯಂಗಿಲ್ಲ. ಸರ್ವರ್ ಧಪ್ ಅಂತ ಬಂದಾದ್ರ, ಯಾವ ತುಣುಕು ಬದಲಾಗ್ಯಾದ ಅನ್ನೋ ಗುರುತೇ ಅಳಿಸಿ ಹೋಗ್ತದ. ಆಮ್ಯಾಲ ಎರಡೂ ಕಡಿ ಶುರುವಿನಿಂದ ಹೋಲಿಸ್ಕೋತ ಕೂಡಬೇಕು.”

“ಮತ್ತ ನಿನ್ನ ಉತ್ತರ?”

“ಮೊದಲ ಬ್ಯಾಟರಿ ಬದಲ್ ಮಾಡೋದು, ಆಮ್ಯಾಲ ಡಿಸ್ಕ್ ತುಂಬೋದು. ಇಷ್ಟೇ.”

“ಕಾಯ್ ರೇ, ಇಷ್ಟ್ ಜಲ್ದಿ ಮುಗೀತಾ?” ಎಂದು ಮರಾಠಿ ಬೆರೆಸಿ ನಕ್ಕು, ನನ್ನ ತಟ್ಟೆಯಲ್ಲಿದ್ದ ಖಾರಿ ಬಿಸ್ಕತ್ತನ್ನೂ ತಾನೇ ಎತ್ತಿಕೊಂಡ.

ಸಭೆಯಲ್ಲಿ ಮೊದಲು ನಾನು ಮಾತಾಡಿದೆ. ಬ್ಯಾಟರಿಯ ಮಾತು ಎತ್ತಲಿಲ್ಲ. ಖಂಡನೆಗೆ ಕೊಡಬೇಕಾದ ಉತ್ತರವನ್ನು ಮೊದಲ ಭಾಷಣದಲ್ಲೇ ಖರ್ಚು ಮಾಡಬಾರದು ಎಂದು ತಲೆಗೆ ಹತ್ತಿಹೋಗಿತ್ತು. ಆಕ್ಷೇಪ ಬರಲಿ, ನನ್ನ ಸರದಿ ಬಂದೇ ಬರುತ್ತದೆ.

ಸಾಹೇಬರು ಅವನ ಕಡೆ ನೋಡಿದರು. ಅವನು ಎದ್ದು ನಿಂತ.

“ಸಾಹೇಬ್ರ, ಭಾಲ್ಕಿ ಬ್ಯಾಟರಿ ಕೆಟ್ಟದ್ರಿ. ನಡುವ ಸರ್ವರ್ ಬಂದಾದ್ರ ಮಾಡಿದ್ದೆಲ್ಲಾ ಬೇಕಾರ್ರಿ. ಇವ್ರಿಗೂ ಇದು ಗೊತ್ತದ್ರಿ, ಬೇಕಾದ್ರ ಕೇಳ್ರಿ.”

“ಗೊತ್ತಿತ್ತೇನು?” ಎಂದರು ಸಾಹೇಬರು.

“ಗೊತ್ತಿತ್ರಿ, ಆದ್ರ...”

“ಗೊತ್ತಿದ್ದೂ ಹೇಳ್ಲಿಲ್ಲ. ಆಯ್ತು, ಲೈನ್ ಮ್ಯಾಲೇ ಸಾವಕಾಶ ಹೋಗ್ಲಿ.”

ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಮಾತಾಡುತ್ತಲೇ ಹೊರಗೆ ಹೋದರು. ಕಚೇರಿಯ ಸಭೆಯಲ್ಲಿ ಯಾರೂ ಗಂಟೆ ಬಾರಿಸಿ ಎರಡನೆಯ ಸುತ್ತಿಗೆ ಕರೆಯುವುದಿಲ್ಲ. ನಾನು ಕಾಯುತ್ತಾ ಕೂತೇ ಇದ್ದೆ. ಅವನು ಮೇಜನ್ನು ನೋಡುತ್ತಿದ್ದ.

ಔರಾದಿಗೆ ಹೋದೆ. ಲೈನಿನ ಮೇಲಿನ ನಕಲು ತೆವಳುತ್ತಿದೆ, ಭಾನುವಾರಗಳು ಮುಂದೆ ಮುಂದೆ ಹೋಗುತ್ತಿವೆ ಎಂಬ ಸುದ್ದಿ ಬರುತ್ತಿತ್ತು. ಖುಷಿಯಾಗಲಿಲ್ಲ ಎಂದರೆ ಸುಳ್ಳಾದೀತು.

ಒಂದು ಬೆಳಿಗ್ಗೆ ಸ್ಯಾಂಪಲ್ಲು ಒಯ್ಯಲು ಬಂದ ವ್ಯಾನಿನ ಡ್ರೈವರ್ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಹೇಳಿದ:

“ನೋಡ್ರಿ, ಇದ್ರಾಗೇ ನಿನ್ನಿ ನಿಮ್ಮ ಕಂಪ್ಯೂಟರ್ ಡಿಸ್ಕ್ ಒಯ್ದೇನಿ. ರಕ್ತಕ್ಕ ಇಲ್ಲದ ಲಾಡ್, ಮುದ್ದು ಅದಕ್ಕ. ತಗ್ಗಿನ್ಯಾಗ ಸಾವಕಾಶ ಹೋಗು, ಬಿಸಿಲಾಗ ನಿಲ್ಲಿಸಬ್ಯಾಡ ಅಂತ ಹೇಳಿದ್ರು. ಮದುಮಗಳ್ನ ಕರ್ಕೊಂಡು ಹೊಂಟಂಗ ಆಗಿತ್ತು.”

“ಯಾರು ಹೇಳಿದ್ರು ಹಂಗ?”

“ನಿಮ್ಮ ದೋಸ್ತ್ರೇ. ಮೊದಲ ಹೊಸಾ ಬ್ಯಾಟರಿ ಹಾಕಿಸಿದ್ರು, ಆಮ್ಯಾಲ ಡಿಸ್ಕ್ ಕೊಟ್ರು. ಯಾಕ್ರಿ, ನಿಮಗ ಗೊತ್ತಿಲ್ಲೇನು?”

ಕ್ರಮ ಕೂಡ ನನ್ನದೇ. ಅವನಿಗೆ ಫೋನ್ ಮಾಡಿದೆ.

“ಅವತ್ತು ಸಭೆದಾಗ ನಾ ಎದುರು ಪಕ್ಷ ಹಿಡಿದಿದ್ದೆ,” ಅಂದ. “ನಮ್ಮ ಪದ್ಧತೀನೇ ಅಲ್ಲೇನಲೇ ಅದು?”

“ಸ್ಪರ್ಧಾದಾಗ ಜಡ್ಜಿಗೆ ಗೊತ್ತಿರ್ತದ, ಇದು ಚೀಟಿ ಎತ್ತಿ ಬಂದ ಪಕ್ಷ ಅಂತ. ಸಾಹೇಬ್ರಿಗೆ ಗೊತ್ತಿತ್ತೇನು?”

“ನೀ ಉತ್ತರ ಹೇಳಬೇಕಿತ್ತು.”

“ಉತ್ತರ ನಿನಗೂ ಗೊತ್ತಿತ್ತು.”

ಮರಾಠಿಗೆ ಇಳಿಯುತ್ತಾನೆಂದು ಕಾದೆ. ಇಳಿಯಲಿಲ್ಲ. “ಭಾನುವಾರ ಔರಾದ್ ಕಡಿಂದ ತಪಾಸಣಿ ನೀನೇ ಮಾಡಬೇಕು,” ಎಂದಷ್ಟೇ ಹೇಳಿದ.

ಭಾನುವಾರ ಭಾಲ್ಕಿಯ ಮೂಲ ನಿಂತು ಬೀದರಿನ ನಕಲು ಎದ್ದಿತು. ನಾನು ಔರಾದಿನ ಖಾಲಿ ಲ್ಯಾಬಿನಲ್ಲಿ ಕೂತು ಒಂದೊಂದೇ ಹಳೆಯ ರಿಪೋರ್ಟು ತೆಗೆದು ನೋಡಿದೆ. ತಪ್ಪು ಸಿಗಲಿ ಎಂದೇ ಹುಡುಕಿದೆ. ಸಿಗಲಿಲ್ಲ. ಸಿಗುವಂತಿರಲಿಲ್ಲ, ಅದು ನನ್ನ ಯೋಜನೆ.

“ರಿಪೋರ್ಟ್ ಎಲ್ಲಾ ಬಂದಾವಾ?” ಅವನ ಫೋನು.

“ಬಂದಾವ.”

ಆ ಕಡೆ ಸಾಹೇಬರ ನಗು ಕೇಳಿಸಿತು, ಯಾರೋ ಚಪ್ಪಾಳೆ ತಟ್ಟಿದರು. ನನ್ನ ವಾದದ ಪರವಾಗಿ ಬಂದ ಒಂದೇ ತೀರ್ಪನ್ನು ನಾನೇ ಅವನ ಕಿವಿಯಲ್ಲಿ ಓದಿ ಹೇಳಿದಂತಾಯಿತು.

ದನಿ ತಗ್ಗಿಸಿ ಕೇಳಿದ: “ಇನ್ನೂ ಎಲ್ಯಾದ್ರೂ ಪೊಳ್ಳದ ಏನಲೇ?”

ಒಂದಿತ್ತು. ಅವನಿಗೆ ಹೇಳದೆ ಫೋನ್ ಇಟ್ಟು ಸಾಹೇಬರಿಗೇ ಮಾಡಿದೆ. “ನಾಳಿ ಮುಂಜಾನಿ ಭಾಲ್ಕಿಯವ್ರು ರೂಢಿ ಪ್ರಕಾರ ಹಳೇ ಸರ್ವರ್ ಚಾಲೂ ಮಾಡಿದ್ರ ಮೂಲಾನೂ ನಕಲೂ ಎರಡೂ ಎದ್ದು ಕೂಡ್ತಾವ್ರಿ, ಹೊಸಾ ರಿಪೋರ್ಟ್ ಒಂದಿಷ್ಟು ಅಲ್ಲಿ, ಒಂದಿಷ್ಟು ಇಲ್ಲಿ ಸೇರಿ ಕಲಸಿ ಹೋಗ್ತಾವ್ರಿ. ಅದರ ಕೇಬಲ್ ಇವತ್ತೇ ಕಿತ್ತಿಸ್ರಿ.” ಪೊಳ್ಳನ್ನೂ ಉತ್ತರವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದೆ.

“ಅವನು ಇಲ್ಲೇ ಇದ್ದಾನಲ್ಲ,” ಎಂದರು ಸಾಹೇಬರು. “ಅವನಿಗೇ ಹೇಳಬಹುದಿತ್ತಲ್ಲ.”

“ಹಿಂದಕ್ಕೆಲ್ಲ ಅವನಿಗೇ ಹೇಳ್ತಿದ್ದೆರಿ,” ಅಂದೆ.