ಏಳನೆಯ ಕಮಾಂಡಿನ ಕೆಳಗಿದ್ದ ಸಾಲು

ನಮ್ಮ ಕಡೆಯ ವೆಬ್‌ಸೈಟ್ ಮಾಡುವವರಿಗೆ ಒಂದು ದರಿದ್ರ ಅಭ್ಯಾಸವಿದೆ. ಕೋಡ್ ಕೇಳಿದರೆ ಕೋಡ್ ಕಳಿಸುವುದಿಲ್ಲ, ಕಂಪ್ಯೂಟರ್ ಪರದೆಯ ಫೋಟೋ ಕಳಿಸುತ್ತಾರೆ. ಅದರಲ್ಲಿ ಟ್ಯೂಬ್‌ಲೈಟು ಹೊಳೆಯುತ್ತಿರುತ್ತದೆ, ಬೇಕಾದ ಸಾಲೇ ಅರ್ಧಕ್ಕೆ ತುಂಡಾಗಿರುತ್ತದೆ. ಅದನ್ನು ನೋಡಿಕೊಂಡು ಒಂದೊಂದೇ ಅಕ್ಷರ ಟೈಪ್ ಮಾಡಬೇಕು. ಒಂದು ಚುಕ್ಕೆ ತಪ್ಪಿದರೆ ಅರ್ಧ ದಿನ ಹಾಳು. ಮಂಡ್ಯ, ಮದ್ದೂರು, ಮಳವಳ್ಳಿಯ ನಾವು ಒಂದಷ್ಟು ಮಂದಿ ಇದ್ದ ಫೋನಿನ ಗುಂಪಿನಲ್ಲಿ ವರ್ಷಗಟ್ಟಲೆ ನಡೆದದ್ದು ಇದೇ.

ನೋಡಿ ನೋಡಿ ರೋಸಿಹೋಗಿ ನಾನೇ ಒಂದು ಟಿಪ್ಪಣಿ ಬರೆದೆ. ಆಗ ನಾನು ಮಂಡ್ಯದಲ್ಲಿ, ಬೀಜದಂಗಡಿಯೊಂದರ ಮೇಲಿದ್ದ ಪುಟ್ಟ ಆಫೀಸಿನಲ್ಲಿ ಶಾಲೆ, ಛತ್ರ, ಆಸ್ಪತ್ರೆಗಳಿಗೆ ಸೈಟು ಮಾಡಿಕೊಡುತ್ತಿದ್ದೆ. ಅರ್ಧ ಟಿಪ್ಪಣಿ ಬರೆದದ್ದು ಹನಕೆರೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ, ರೈಲು ಕಾಯುತ್ತಾ. ಹೊಸ ಕಂಪ್ಯೂಟರಿನಲ್ಲಿ ಕೆಲಸ ಶುರುಮಾಡಲು ಯಾವ ಕಮಾಂಡ್ ಮೊದಲು, ಯಾವುದು ಆಮೇಲೆ, ಪ್ರತಿಯೊಂದರ ಕೆಳಗೂ ಅದು ಏನು ಮಾಡುತ್ತದೆ ಎಂದು ನಾವು ಆಡುವ ಕನ್ನಡದಲ್ಲೇ ಒಂದು ಸಾಲು. ಏಳನೆಯ ಕಮಾಂಡ್ ಇದ್ದ ಮಾಹಿತಿಯನ್ನೆಲ್ಲ ಅಳಿಸಿ, ಪರೀಕ್ಷಿಸಿ ನೋಡಲೆಂದು ಸುಳ್ಳು ಮಾಹಿತಿ ತುಂಬುವಂಥದ್ದು. ಅದರ ಕೆಳಗೆ ಬರೆದಿದ್ದೆ: "ಇದು ನಿಮ್ಮ ಸ್ವಂತ ಕಂಪ್ಯೂಟರಿಗೆ ಮಾತ್ರ. ನಡೀತಿರೋ ಸೈಟಲ್ಲಿ ಒತ್ತುದ್ರೆ ಎಲ್ಲಾ ಒಂಟೋಯ್ತದೆ ಕಣ್ರಪ್ಪ."

ಆ ಸುಳ್ಳು ಮಾಹಿತಿಯ ಫೈಲನ್ನೂ ಜೊತೆಗಿಟ್ಟು ಗುಂಪಿಗೆ ಹಾಕಿದೆ. ಉಪಯೋಗಕ್ಕೆ ಬಂತು. ನಾಲ್ಕಾರು ಜನ ಫೋನ್ ಮಾಡಿ ಹೇಳಿದರು.

ಎರಡು ತಿಂಗಳಿಗೆ ಅದೇ ಟಿಪ್ಪಣಿ ಗುಂಪಿಗೆ ಮತ್ತೆ ಬಂತು, ಥಳಥಳಿಸುವ ಪಿಡಿಎಫ್ ಆಗಿ. ಹಾಕಿದವರು ಮದ್ದೂರಿನಲ್ಲಿ ಸ್ವಂತ ಆಫೀಸಿದ್ದ, ನಮಗೆಲ್ಲ ಹಿರಿಯರೆನಿಸಿಕೊಂಡಿದ್ದ ಒಬ್ಬರು. ಪುಟಪುಟಕ್ಕೂ ಅವರ ಆಫೀಸಿನ ಹೆಸರು. ನನ್ನ ಹೆಸರು ಎಲ್ಲೂ ಇಲ್ಲ. ಸಿಟ್ಟು ನೆತ್ತಿಗೇರಿತು. ಬೆವರು ನನ್ನದು, ಹೆಸರು ಅವರದು! ಆದರೂ ಹಿರಿಯರ ಜೊತೆ ಜಗಳವೇಕೆಂದು ಬಾಯಿ ಮುಚ್ಚಿಕೊಂಡೆ. ಆ ಮೌನವನ್ನು ದೊಡ್ಡತನ ಎಂದುಕೊಂಡಿದ್ದೆ, ನನ್ನ ಮೂರ್ಖತನಕ್ಕಿಷ್ಟು.

ಜೂನ್ ಹತ್ತಿರವಾದಾಗ ಅವರೇ ಫೋನ್ ಮಾಡಿದರು. ಅವರು ನೋಡಿಕೊಳ್ಳುತ್ತಿದ್ದ ಶಾಲೆಯೊಂದರ ಸೈಟಿನಲ್ಲಿ ಮಕ್ಕಳ ಪ್ರವೇಶದ ಅರ್ಜಿಗಳೆಲ್ಲ ಮಾಯವಾಗಿ, "ಬದನೇಕಾಯಿ, ತಂದೆ ಹೀರೇಕಾಯಿ" ಎಂಬ ಅರ್ಜಿ ಬಂದು ಕೂತಿತ್ತು. ಆ ತರಕಾರಿ ಸಂಸಾರ ನಾನು ಹುಟ್ಟಿಸಿದ್ದು, ಸುಳ್ಳು ಮಾಹಿತಿಯ ಫೈಲಿನಲ್ಲಿ. ಅದನ್ನು ಕೇಳಿದ ತಕ್ಷಣ ಏನಾಗಿದೆ ಎಂದು ಗೊತ್ತಾಯಿತು.

"ಆ ಮಳವಳ್ಳಿ ಹುಡುಗಿ ಮಾಡಿರೋ ಘನಂದಾರಿ ಕೆಲ್ಸ. ನಾಳೆಯಿಂದ ಬರಬ್ಯಾಡ ಅಂದ್ಬುಟ್ಟಿವ್ನಿ. ನೀನೊಸಿ ಬಂದು ಸರಿ ಮಾಡ್ಕೊಡಮ್ಮ" ಎಂದರು.

ಬಸ್ಸು ಹತ್ತಿ ಹೋದೆ. ಆ ಹುಡುಗಿ ಇನ್ನೂ ಆಫೀಸಿನ ಮೂಲೆಯಲ್ಲೇ ಕೂತಿದ್ದಳು. ಅಲ್ಲಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು, ಅದೇ ಅವಳ ಮೊದಲ ಕೆಲಸ. ಅವಳ ಕೈಗೆ ಪಿಡಿಎಫ್ ಕೊಟ್ಟು, ಶಾಲೆಯ ಸೈಟಿಗೆ ಹೊಸ ಪುಟ ಸೇರಿಸು, ಅದರಲ್ಲಿರುವ ಹಾಗೆಯೇ ಮಾಡು ಎಂದಿದ್ದರು. ಅವಳು ನೇರ ಶಾಲೆಯ ಸೈಟಿನ ಮೇಲೇ ಒಂದರಿಂದ ಏಳರವರೆಗೆ ಒತ್ತಿದ್ದಳು. ಹೇಳಿದ್ದನ್ನೇ ಮಾಡಿದ್ದಳು.

ವಾರಕ್ಕೊಮ್ಮೆ ತೆಗೆದಿಡುತ್ತಿದ್ದ ಸೈಟಿನ ಹಳೆಯ ಪ್ರತಿಯಿಂದ ಭಾನುವಾರದವರೆಗಿನ ಅರ್ಜಿಗಳು ಸಿಕ್ಕಿದವು. ಆಮೇಲಿನ ಮೂರು ದಿನದವು ಹೋದವೇ. ಆ ತಂದೆತಾಯಿಗಳೆಲ್ಲ ಇನ್ನೊಮ್ಮೆ ಬಂದು ತುಂಬಬೇಕು. ಪಿಡಿಎಫ್ ತೆರೆದು ನೋಡಿದೆ. ಏಳನೆಯ ಕಮಾಂಡ್ ಇತ್ತು, ಕೆಳಗಿನ ಸಾಲು ಇರಲಿಲ್ಲ. ಕನ್ನಡದ ಒಂದು ಸಾಲೂ ಇರಲಿಲ್ಲ.

"ಯಾಕೆ ಸಾರ್ ಕಿತ್ತಾಕಿದ್ರಿ?" ಎಂದೆ.

"ನೋಡಮ್ಮ, ಇಂಗ್ಲೀಸಲ್ಲಿದ್ರೆ ಒಂದು ಗತ್ತು. ‘ಕಣ್ರಪ್ಪ’ ಗಿಣ್ರಪ್ಪ ಅಂತಿದ್ರೆ ಯಾರು ಬೆಲೆ ಕೊಟ್ಟಾರು?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಕಮಾಂಡ್ ಇಂಗ್ಲಿಷಿನಲ್ಲಿತ್ತು ಎಂದು ಉಳಿಯಿತು, ಎಚ್ಚರಿಕೆ ಕನ್ನಡದಲ್ಲಿತ್ತು ಎಂದು ಕಸವಾಯಿತು! "ಗತ್ತು ನಿಮಗೆ, ಕೆಲ್ಸ ಹೋಗೋದು ಅವಳಿಗೆ. ಇದ್ಯಾವ ನ್ಯಾಯ ಸಾರ್? ಅವಳನ್ನ ತೆಗೆದ್ರೆ ಹಳೇ ಟಿಪ್ಪಣಿ, ನಿಮ್ಮ ಪಿಡಿಎಫ್ ಎರಡನ್ನೂ ತಗೊಂಡೋಗಿ ಶಾಲೆಯವರ ಮುಂದೆ ಇಡ್ತೀನಿ" ಎಂದೆ. ಅವರು ಫ್ಯಾನು ನೋಡಿದರು, ಗೋಡೆ ನೋಡಿದರು. ಕೊನೆಗೆ ಅವಳತ್ತ ತಿರುಗದೆಯೇ, "ನಾಳೆ ಬಾ, ಓಗು" ಎಂದರು.

ಬಸ್ ಸ್ಟ್ಯಾಂಡಿನವರೆಗೂ ಅವಳು ನನ್ನ ಜೊತೆ ನಡೆದು ಬಂದಳು. ಥ್ಯಾಂಕ್ಸ್ ಹೇಳುತ್ತಾಳೆ ಎಂದು ಕಾಯುತ್ತಿದ್ದೆ, ಸುಳ್ಳೇಕೆ. ಮಳವಳ್ಳಿ ಬಸ್ಸು ಬಂದು ನಿಂತಾಗ ಅವಳು ಕೇಳಿದಳು:

"ಅಕ್ಕ, ಆ ಪಿಡಿಎಫ್ ಗುಂಪಿಗೆ ಬಂದಾಗ ನೀವು ನೋಡಿರ್ಲಿಲ್ವಾ?"

"ನೋಡಿದ್ದೆ."

"ಪೂರ್ತಿ?"

"ಪೂರ್ತಿ. ಕೊನೇ ಪುಟದವರೆಗೂ."

ಅವಳು ಬಸ್ಸಿನ ಬಾಗಿಲ ಕಂಬಿ ಹಿಡಿದು ನನ್ನತ್ತ ತಿರುಗಿದಳು. "ಮತ್ತೆ ಆ ಸಾಲು ಇಲ್ದೇ ಇರೋದು ನಿಮಗೂ ಕಾಣ್ಲಿಲ್ವಾ ಅಕ್ಕ?"

ಕಂಡಿರಲಿಲ್ಲ. ಅಷ್ಟೂ ಪುಟಗಳಲ್ಲಿ ನಾನು ಹುಡುಕಿದ್ದು ನನ್ನ ಹೆಸರನ್ನು ಮಾತ್ರ.